ಮೂವರಿಗೊಂದು ಬಾಯಿ

ಕೈ ಕೋಡಾದರೆ ಬಾಯಿ ಬಾಡಿಗೆ ಎಂದು ಹಿರಿಯರು ಹೇಳಿದ್ದಾರೆ. ಅವರು ಹೇಳಿದ್ದು ಕೆಸರು, ಮೊಸರು ಅಲ್ಲವೇ ಎಂದು ತಕರಾರು ತೆಗೆಯುವವರಿಗೆ ಉತ್ತರ ಒಂದೇ: ಆ ಹಿರಿಯರು ಡೊಂಬಿವಲಿಯಲ್ಲಿ ಸಾಫ್ಟ್‌ವೇರ್ ಆಫೀಸು ನಡೆಸಿದವರಲ್ಲ. ನಡೆಸಿದ್ದರೆ ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ ಎಂದು ಬಿಡಿಸಿ ಹೇಳುತ್ತಿದ್ದರು. ಕೋಡು ಎಂದರೆ ಇಲ್ಲಿ ಹಸುವಿನ ಕೋಡಲ್ಲ, ಕಂಪ್ಯೂಟರಿಗೆ ಬರೆಯುವ ಕೋಡು. ಹಸುವೂ ಬರುತ್ತದೆ, ಸ್ವಲ್ಪ ತಾಳಿ. ಕಥೆ ಮಾತ್ರ ಅಪ್ಪಟ ನಿಜ. ಉಪ್ಪುಖಾರ ಬೆರೆಸುವುದಕ್ಕೆ ನಡೆದ ಸಂಗತಿಯೇ ಜಾಗ ಬಿಟ್ಟಿಲ್ಲ.

ರಮಾಕಾಂತನ ಬೇರು ಉಡುಪಿಯದ್ದು, ಕುಡಿದ ನೀರು ಠಾಣೆಯದ್ದು. ಠಾಣೆಯ ಕೋಪರಿಯಲ್ಲಿ, ಸ್ಟೇಷನ್ನಿನ ಪಕ್ಕದಲ್ಲೇ, ಅವನ ಅಕ್ಕ ಪ್ರಭಾಳ ಗಂಡ ಒಂದು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ. ರಮಾಕಾಂತನ ವಾಸ ಡೊಂಬಿವಲಿಯಲ್ಲಿ. ಅಲ್ಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯಲ್ಲಿ ‘ಕಂಪ್ಯೂಟರ್ ವಿಭಾಗ’ ಎಂಬ ಒಂಟಿ ಕೋಣೆಗೆ ಅವನೇ ರಾಜ, ಅವನೇ ಪ್ರಜೆ. ೨೦೦೫ರಲ್ಲಿ ಕಾರ್ಖಾನೆ ಮುಚ್ಚಿತು. ನಲವತ್ತು ದಾಟಿದ ಪ್ರೋಗ್ರಾಮರನಿಗೆ ಯಾವ ಕಂಪನಿಯೂ ಬಾಗಿಲು ತೆರೆಯಲಿಲ್ಲ. ತೆರೆದೇ ಇದ್ದದ್ದು ಭಾವನ ಹೋಟೆಲಿನ ಬಾಗಿಲು.

“ಗಲ್ಲೆಯಲ್ಲಿ ಕೂತ್ಕೊ ಮಾರಾಯ,” ಎಂದ ಭಾವ, ಹಣದ ಪೆಟ್ಟಿಗೆಯ ಕಡೆ ಕೈ ತೋರಿಸಿ. “ನಿನ್ನದು ಕಂಪ್ಯೂಟರ್ ತಲೆ. ಎರಡು ಇಡ್ಲಿ, ಒಂದು ಚಾ ಕೂಡಿಸ್ಲಿಕ್ಕೆ ಎಷ್ಟು ಹೊತ್ತು ಬೇಕು?”

ಗಿರಾಕಿಗಳು ನಕ್ಕರು. ಭಾವ ಕೆಟ್ಟವನಲ್ಲ. ಆದರೆ ಅವನು ಆ ಮಾತು ಆಡಿದ್ದು ಊರ ಕಡೆಯ ನಾಲ್ಕು ಮನೆಯವರು ಮದುವೆ ಕಾಗದ ಹಂಚುತ್ತ ಬಂದು ದೋಸೆಗೆ ಕೂತಿದ್ದಾಗ. ರಮಾಕಾಂತ ಅಂದು ಚಹ ಅರ್ಧಕ್ಕೆ ಬಿಟ್ಟು ಎದ್ದ. ಅಲ್ಲಿಂದ ಮುಂದೆ ಅವನಿಗೆ ಲೋಕದಲ್ಲಿ ಹೆದರಿಕೆ ಎಂದರೆ ಗಲ್ಲೆಯ ಹಿಂದಿನ ಆ ಎತ್ತರದ ಕುರ್ಚಿ. ಜನ ಕುರ್ಚಿಗಾಗಿ ಒದ್ದಾಡುತ್ತಾರೆ. ಇವನು ಕುರ್ಚಿಯಿಂದ ತಪ್ಪಿಸಿಕೊಳ್ಳಲು ಒದ್ದಾಡಿದ.

ತಪ್ಪಿಸಿದವನು ಯೋರ್ಗನ್. ಡೆನ್ಮಾರ್ಕಿನ ಒಂದು ಸಣ್ಣ ಊರಿನಲ್ಲಿ ಅವನ ಕಂಪನಿ. ಅಲ್ಲಿ ಹಾಲು ಕರೆಯುವುದು ಯಂತ್ರ. ಯಾವ ಹಸು ಎಷ್ಟು ಕೊಟ್ಟಿತು, ಯಾವುದು ಮುನಿಸಿಕೊಂಡಿದೆ ಎಂದು ರೈತನಿಗೆ ತಿಳಿಸುವುದು ಯೋರ್ಗನ್ನನ ಸಾಫ್ಟ್‌ವೇರ್. ಮನೆಯಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಬಿಡಿ ಕೆಲಸ ಹುಡುಕುತ್ತಿದ್ದ ರಮಾಕಾಂತ ಅದರ ಒಂದು ಹಳೆಯ ದೋಷವನ್ನು ಹಿಡಿದು ತಿದ್ದಿಕೊಟ್ಟ. ಇನ್ನೊಂದು ಕೊಟ್ಟರೆ ಅದನ್ನೂ ತಿದ್ದಿದ. ಒಂದು ದಿನ ಯೋರ್ಗನ್ ಫೋನು ಮಾಡಿ ಕೇಳಿದ: ನಿನ್ನಂಥವರು ಅಲ್ಲಿ ಇನ್ನೂ ಇದ್ದಾರೆಯೇ, ಆಫೀಸು ತೆರೆದರೆ ನಡೆಸುತ್ತೀಯಾ.

“ಬೇಕಾದಷ್ಟು ಜನ ಇದ್ದಾರೆ,” ಎಂದ ರಮಾಕಾಂತ, ಒಬ್ಬನ ಮುಖವೂ ಕಣ್ಣ ಮುಂದೆ ಇಲ್ಲದೆ.

ಕರಾರು ಸರಳವಾಗಿತ್ತು. ದೀಪಾವಳಿಯೊಳಗೆ ತಂಡ ಸಿದ್ಧವಾಗಬೇಕು. ಪ್ರತಿಯೊಬ್ಬರನ್ನೂ ಯೋರ್ಗನ್ ತಾನೇ ಫೋನಿನಲ್ಲಿ ಮಾತಾಡಿಸಿ ಒಪ್ಪಬೇಕು. ಆಗದಿದ್ದರೆ ಆಫೀಸು ಫಿಲಿಪ್ಪೀನ್ಸಿಗೆ, ರಮಾಕಾಂತ ಗಲ್ಲೆಗೆ.

ಬೇಕಾದಷ್ಟು ಜನ ಇದ್ದದ್ದು ಸುಳ್ಳಲ್ಲ. ಆದರೆ ಎಲ್ಲರೂ ರೈಲಿನಲ್ಲಿದ್ದರು. ಕಲ್ಯಾಣ, ಡೊಂಬಿವಲಿಯ ಬುದ್ಧಿವಂತರು ಬೆಳಿಗ್ಗೆ ಫಾಸ್ಟ್ ಲೋಕಲ್ಲಿನ ಬಾಗಿಲಿಗೆ ಜೋತುಬಿದ್ದು ಮುಂಬಯಿಗೆ ಹೋಗಿ, ಸಂಜೆ ಹಿಂಡಿದ ಕಬ್ಬಿನಂತೆ ಮರಳುತ್ತಿದ್ದರು. ರಮಾಕಾಂತ ಇದನ್ನೇ ಹಿಡಿದ. ನವಿ ಮುಂಬಯಿಯ ಗಾಜಿನ ಕಟ್ಟಡಗಳ ಕಡೆ ತಲೆಹಾಕದೆ, ಡೊಂಬಿವಲಿ ಎಂಐಡಿಸಿಯ ವಸತಿ ಭಾಗದಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿ ಬಾಡಿಗೆಗೆ ಹಿಡಿದ. ಸ್ಟೇಷನ್ನಿನ ಸೇತುವೆಯ ಬುಡದಲ್ಲಿ ಜಾಹೀರಾತು ಅಂಟಿಸಿದ. ಸಂಬಳದ ಸುದ್ದಿಯೇ ಅದರಲ್ಲಿರಲಿಲ್ಲ. ‘ಪ್ರೋಗ್ರಾಮರುಗಳು ಬೇಕಾಗಿದ್ದಾರೆ. ಟ್ರೇನ್ ಹತ್ತಬೇಕಾಗಿಲ್ಲ.’ ಅಷ್ಟೇ.

ಜನ ಮೆಟ್ಟಿಲ ಮೇಲೆ ಸಾಲು ನಿಂತರು. ಇಷ್ಟು ಒಳ್ಳೆಯವರು ಇಷ್ಟು ಕಡಿಮೆಗೆ ಯಾಕೆ ಬರುತ್ತಾರೆ ಎಂದು ಯೋರ್ಗನ್ನನಿಗೆ ಅನುಮಾನ ಬಂತು. ಇಲ್ಲಿಯವರಿಗೆ ನಿಷ್ಠೆ ಹೆಚ್ಚು ಎಂದ ರಮಾಕಾಂತ. ಎಂಟು ಗಂಟೆಯ ಲೋಕಲ್ಲಿನಲ್ಲಿ ಡೊಂಬಿವಲಿಯಿಂದ ದಾದರಿನ ತನಕ ಒಂಟಿಗಾಲಲ್ಲಿ ನಿಂತವನಿಗೆ ನಿಷ್ಠೆ ತಾನಾಗಿಯೇ ಹುಟ್ಟುತ್ತದೆ.

ಬಂದವರಲ್ಲಿ ಇಬ್ಬರು ಕಾನ್ವೆಂಟಿನವರು ಫೋನಿನಲ್ಲಿ ತಾವೇ ಪಟಪಟ ಮಾತಾಡಿ ಪಾಸಾದರು. ನಿಜವಾಗಿ ಒಳ್ಳೆಯ ಕೋಡು ಬರೆದವರು ಇನ್ನು ಮೂವರು. ಕಲಬುರಗಿ ಕಡೆಯಿಂದ ಕಲ್ಯಾಣಕ್ಕೆ ಬಂದ ಶಿವರಾಯ. ಮಂಗಳೂರು ಕಡೆಯ ತಂದೆತಾಯಿಗೆ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ವಿಶಾಲ್. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವನು. ಮತ್ತೆ ಭಿವಂಡಿಯ ಲೋಲಾಕ್ಷಿ; ಪರಿಚಿತರ ಎದುರು ಹೇಗೋ ನಡೆಯುತ್ತಿದ್ದ ಅವಳ ಮಾತು ಹೊಸಬರ ಎದುರು ಮೊದಲ ಅಕ್ಷರದಲ್ಲೇ ಮುಗ್ಗರಿಸಿ ಬೀಳುತ್ತಿತ್ತು.

“ಕೆಲಸ ಕೊಡ್ರಿ ಸರ, ಮಾಡಿ ತೋರಸ್ತೀನಿ,” ಎಂದ ಶಿವರಾಯ. “ಆದ್ರ ಫೋನಿನ್ಯಾಗ ಆ ಮನಷ್ಯಾ ಹಲೋ ಅಂದಕೂಡ್ಲೆ ನನ್ನ ನಾಲಿಗಿ ಅಂಗುಳಕ್ಕ ಅಂಟ್ಕೋತದ್ರಿ.”

“ಮೇರೆ ಸೆ ಭೀ ನಹೀ ಹೋಗಾ ಸರ್,” ಎಂದು ವಿಶಾಲನೂ ಕೈಚೆಲ್ಲಿದ.

ಲೋಲಾಕ್ಷಿ ತನ್ನಿಂದಲೂ ಆಗದೆಂದು ತಲೆಯಾಡಿಸಿದಳು.

ಆರನೆಯವನು ಮನೀಶ, ಪ್ರಭಾಳ ಮಗ. ಅಂಧೇರಿಯಲ್ಲಿ ಕೆಲಸದಲ್ಲಿದ್ದವನನ್ನು ಅಕ್ಕನೇ ಬಿಡಿಸಿ, “ಹೊರಗಿನವರ ಕೈಯಲ್ಲಿ ಬೆಳೆಯುದಕ್ಕಿಂತ ಮಾವನ ಕೈಯಲ್ಲಿ ಬೆಳೆಯಲಿ,” ಎಂದು ಕಳಿಸಿದ್ದಳು. ಮನೀಶ ಕೋಡೂ ಬರೆಯುತ್ತಿದ್ದ, ಆದರೆ ಅವನ ಹುಟ್ಟುವಿದ್ಯೆ ಬೇರೆ. ಲೋಕಲ್ಲಿನ ಧ್ವನಿವರ್ಧಕದ ಹೆಂಗಸು “ಪುಢೀಲ್ ಸ್ಟೇಶನ್ ದಿವಾ” ಎಂದು ಮುಂದಿನ ಸ್ಟೇಷನ್ ಸಾರುವುದನ್ನು ಅವನು ಅಡುಗೆ ಮೂಲೆಯಲ್ಲಿ ನಿಂತು ಹೇಳಿದರೆ ವಿಶಾಲ್ ಬ್ಯಾಗು ಎತ್ತಿಕೊಳ್ಳುತ್ತಿದ್ದ. ಯೋರ್ಗನ್ನನ ನಿಧಾನದ ಇಂಗ್ಲಿಷೂ, ಒಪ್ಪಿಗೆಯಾದಾಗ ಬಿಸಿ ಚಹ ಹೀರಿದಂತೆ ಉಸಿರು ಒಳಗೆಳೆದು ಆಡುವ “ಯಾ” ಕೂಡ ಅವನ ಗಂಟಲಲ್ಲಿ ಆಗಲೇ ಮನೆ ಮಾಡಿದ್ದವು.

“ಇದಕ್ಕೆಲ್ಲ ಯಾಕೆ ತಲೆಬಿಸಿ ಮಾವ,” ಎಂದ ಅವನು. “ಮೂವರದ್ದೂ ನಾನೇ ಮಾತಾಡಿ ಬಿಡ್ತೇನೆ. ಆ ಬಿಳಿಯನಿಗೆ ನಮ್ಮ ದನಿಯೆಲ್ಲ ಒಂದೇ. ಒಂದು ತಮಾಷೆ.”

ಮನೀಶ ಹೇಳಿದ್ದು ತಮಾಷೆಗೇ. ತಮಾಷೆ ಎಂದು ತಿಳಿಯದೆ ಹೋದವನು ರಮಾಕಾಂತ. ಅವನು ಎದ್ದು ಕಿಟಕಿ ಮುಚ್ಚಿದ, ಕಾರ್ಖಾನೆಗಳ ವಾಸನೆಗೆ ಮುಚ್ಚಿದಂತೆ, ಆಮೇಲೆ ಕೇಳಿದ: “ಹೆಣ್ಣಿನ ದನಿ ಬರ್ತದಾ?”

ಮರುದಿನ ಮಧ್ಯಾಹ್ನ ಡೆನ್ಮಾರ್ಕ್ ಎದ್ದು ಕಾಫಿ ಕುಡಿದ ಹೊತ್ತಿಗೆ ಫೋನು ಬಂತು. ಸ್ಪೀಕರ್ ಹಾಕಿದರು. ಶಿವರಾಯ ಬಿಳಿ ಹಾಳೆ, ಪೆನ್ನು ಹಿಡಿದು ಕೂತ, ಪಕ್ಕದಲ್ಲಿ ಮನೀಶ. ಹಾಲು ಕರೆಯುವಾಗ ನಡುವೆ ಕರೆಂಟು ಹೋದರೆ ಅಷ್ಟರ ತನಕದ ಲೆಕ್ಕ ಎಲ್ಲಿ ಉಳಿಯಬೇಕು ಎಂದು ಯೋರ್ಗನ್ ಕೇಳಿದ. ಶಿವರಾಯನ ಕೈ ಓಡಿತು. ಆ ಒಣ ಸಾಲುಗಳನ್ನು ಮನೀಶ ಎತ್ತಿಕೊಂಡು, ಭಾರವಾದ ದನಿಯಲ್ಲಿ, ನಡುನಡುವೆ ಯೋಚಿಸುವವನಂತೆ ತಡೆದು, ಒಗ್ಗರಣೆ ಕೊಟ್ಟು ಬಡಿಸಿದ. ಅತ್ತ ಕಡೆಯಿಂದ ಚಹ ಹೀರಿದ ಸದ್ದು ಬಂತು. ಯಾ.

ವಿಶಾಲನಿಗೆ ವೇಗದ ದನಿ. ಕೆಳಗೆ ಗಿರಣಿ ಶುರುವಾಯಿತು. ಅದೇನು ಸದ್ದು ಎಂದು ಯೋರ್ಗನ್ ಕೇಳಿದಾಗ ನಮ್ಮ ಸರ್ವರ್ ಎಂದ ವಿಶಾಲ್, ಅಂದರೆ ಮನೀಶ. ಲೋಲಾಕ್ಷಿಗೆ ತೆಳುವಾದ, ಅಂಜಿಕೆ ಇಲ್ಲದ ದನಿ, ಕೊನೆಯಲ್ಲಿ ಸಣ್ಣ ನಗು. ಫೋನು ಇಟ್ಟ ಮೇಲೆ ಉಳಿದವರು ಹೊಟ್ಟೆ ಹಿಡಿದು ನಕ್ಕರು. ಲೋಲಾಕ್ಷಿ ಮಾತ್ರ ಮನೀಶನ ಬಾಯನ್ನೇ ನೋಡುತ್ತಿದ್ದಳು.

“ನ-ನಾನು ಮಾತಾಡ್ತಿದ್ರೆ ಹೀಗೇ ಮಾತಾಡ್ತಿದ್ದೆ,” ಎಂದಳು.

ಮನೀಶ ಅವಳು ಬರೆದಿದ್ದ ಹಾಳೆಯನ್ನು ಅವಳ ಕಡೆಗೆ ಸರಿಸಿದ.

“ಇನ್ನು ನಿನ್ನದು,” ಎಂದ ರಮಾಕಾಂತ. “ಆದ್ರೆ ನೋಡು, ಆ ಮೂವರ ಹಾಗೆ ಚುರುಕಾಗಿ ಮಾತಾಡ್ಬೇಡ. ಗುರುತು ಸಿಕ್ಕಿದ್ರೆ ಎಲ್ಲರದ್ದೂ ಹೋಯ್ತು. ಒಳ್ಳೆಯ ಉತ್ತರ ಎಲ್ಲ ಅವರಿಗೆ ಕೊಟ್ಟಾಯ್ತು. ನೀನು ಸ್ವಲ್ಪ ಡಲ್ ಆಗಿ ಹೋಗು. ನಿನ್ನನ್ನು ತಕ್ಕೊಳ್ಳುದು ನನ್ನ ಜವಾಬ್ದಾರಿ.”

“ಅಂದ್ರೆ ನಾನೇ ನನ್ನ ಮಿಮಿಕ್ರಿ ಮಾಡುದಾ ಮಾವ?”

“ಹೌದು. ಕೆಟ್ಟದಾಗಿ ಮಾಡು.”

ಮನೀಶ ಕೆಟ್ಟದಾಗಿ ಮಾಡಿದ. ಅವನು ಮಾಡಿದ್ದೆಲ್ಲ ಚೆನ್ನಾಗಿಯೇ ಇರುತ್ತಿತ್ತು, ಆದ್ದರಿಂದ ಇದೂ ಚೆನ್ನಾಗಿ ಕೆಟ್ಟಿತು. ಈ ಕೊನೆಯ ಹುಡುಗನ ವಿಷಯದಲ್ಲಿ ನನಗೆ ಖಾತ್ರಿಯಿಲ್ಲ, ಇವನು ನಿನ್ನ ಸಂಬಂಧಿಯೇ ಎಂದು ಯೋರ್ಗನ್ ಕೇಳಿದ. ಅಕ್ಕನ ಮಗ, ಸುಧಾರಿಸುತ್ತಾನೆ, ನಾನು ನೋಡಿಕೊಳ್ಳುತ್ತೇನೆ ಎಂದ ರಮಾಕಾಂತ. ನಿನ್ನ ಮಾತಿನ ಮೇಲೆ, ಎಂದ ಯೋರ್ಗನ್.

ಆಫೀಸು ಎದ್ದು ನಿಂತಿತು. ಬೋರ್ಡು ಬರೆಸಿಕೊಟ್ಟವನು ಭಾವನೇ. ಗಲ್ಲೆಯ ಮಾತು ಮತ್ತೆ ಎತ್ತಲಿಲ್ಲ. ಹೋಟೆಲಿಗೆ ಬಂದವರಿಗೆಲ್ಲ “ನಮ್ಮ ರಮಾಕಾಂತನದ್ದು ಫಾರಿನ್ ಕಂಪನಿ” ಎಂದು ಸಾಂಬಾರಿನ ಜೊತೆ ಬಡಿಸಿದ.

ಒಂದು ದಿನದ ತಮಾಷೆ ಎಂದುಕೊಂಡದ್ದಕ್ಕೆ ಒಂದು ಕುತ್ತು ಬಂತು. ಯೋರ್ಗನ್ ಪ್ರತಿ ಸೋಮವಾರ ಫೋನಿನಲ್ಲಿ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುವ ಪದ್ಧತಿ ಇಟ್ಟ. ಒಮ್ಮೆ ಕೊಟ್ಟ ದನಿಯನ್ನು ವಾರವಾರವೂ ಕೊಡಬೇಕಾಯಿತು. ಸೋಮವಾರ ಬೆಳಿಗ್ಗೆ ಮನೀಶ ಮೂವರ ಪಕ್ಕವೂ ಕೂತು ಅವರು ಮಾಡಿದ್ದೇನು, ಮಾಡುವುದೇನು ಎಂದು ತಿಳಿದುಕೊಳ್ಳುತ್ತಿದ್ದ. ಮಧ್ಯಾಹ್ನ ಶಿವರಾಯನಾಗಿ ಚರ್ಚೆ ಮಾಡಿ, ವಿಶಾಲನಾಗಿ ಒಪ್ಪಿ, ಲೋಲಾಕ್ಷಿಯಾಗಿ ಇಬ್ಬರನ್ನೂ ತಿದ್ದುತ್ತಿದ್ದ. ಆ ಹಾಲಿನ ಯಂತ್ರದ ಕೋಡನ್ನು ಮೂಲೆಮೂಲೆಯೂ ಬಲ್ಲವನು ಆಫೀಸಿನಲ್ಲಿ ಅವನೊಬ್ಬನೇ ಆದ. ಕೊನೆಗೆ ಯೋರ್ಗನ್ “ಮನೀಶ್?” ಎಂದರೆ, ಅಷ್ಟು ಹೊತ್ತು ಮೂವರಾಗಿ ದಣಿದ ಗಂಟಲಿನಿಂದ, ಆ ಹಳೆಯ ಡಲ್ ದನಿಯಲ್ಲಿ, “ಯೆಸ್ ಸರ್, ಇನ್ನೂ ಮುಗಿದಿಲ್ಲ ಸರ್,” ಎಂದು ಬರುತ್ತಿತ್ತು. ಮುಗಿಯುವುದಾದರೂ ಹೇಗೆ? ಅವನ ಸೋಮವಾರ ಬೇರೆಯವರ ಪಾಲು, ಮಂಗಳವಾರ ಅವರ ಹೆಸರಿನಲ್ಲಿ ಒಪ್ಪಿಕೊಂಡದ್ದನ್ನು ಅವರಿಗೆ ಬಿಡಿಸಿ ಹೇಳುವುದರ ಪಾಲು.

“ನಿನ್ನ ಕೆಲಸ ಹಿಂದೆ ಬೀಳ್ತಾ ಉಂಟು,” ಎಂದು ರಮಾಕಾಂತ ಒಮ್ಮೆ ಹೇಳಿದ.

“ಮಾವ, ರಾವಣನಿಗೆ ಹತ್ತು ಬಾಯಿ ಇದ್ರೂ ಕೈ ಇಪ್ಪತ್ತು ಇತ್ತು,” ಎಂದ ಮನೀಶ. “ನನಗೆ ಬಾಯಿ ನಾಲ್ಕು, ಕೈ ಎರಡೇ. ಲೆಕ್ಕ ನೀವೇ ನೋಡಿ.”

ರಮಾಕಾಂತ ನಕ್ಕುಬಿಟ್ಟ. ನಗುವುದು ಸುಲಭವಿತ್ತು.

ಮರುವರ್ಷ ಯೋರ್ಗನ್ ತಾನೇ ಬಂದ. ಹಿಂದಿನ ದಿನದಿಂದಲೇ ಆಫೀಸಿನಲ್ಲಿ ಸೂತಕದ ಕಳೆ. ಶಿವರಾಯ ಕೊರಳಿಗೆ ಮಫ್ಲರ್ ಸುತ್ತಿ ಗಂಟಲು ನೋವು ಎಂದು ಸನ್ನೆ ಮಾಡಿದ. ವಿಶಾಲ್ ಟ್ರೇ ಹಿಡಿದು ಒಳಗೂ ಹೊರಗೂ ಓಡಾಡಿ, ಒಂದು ಮಾತೂ ಆಡದೆ ಆ ದಾನವನಂಥ ದೊಡ್ಡ ಮನುಷ್ಯನಿಗೆ ಚಹ ಕುಡಿಸಿದ. ಲೋಲಾಕ್ಷಿ ಕೈ ಮುಗಿದು ತಲೆ ತಗ್ಗಿಸಿ ನಿಂತಳು. ಎಲ್ಲ ಮುಗಿಯಿತು ಎಂದು ರಮಾಕಾಂತ ಬೆವರಿದ. ಆದರೆ ಯೋರ್ಗನ್ ಹೊರಡುವ ಮೊದಲು ಭಾರತದ ರೀತಿನೀತಿಗಳ ಬಗ್ಗೆ ಒಂದು ಕೈಪಿಡಿ ಓದಿಕೊಂಡು ಬಂದಿದ್ದ. ಹಿರಿಯರ ಎದುರು ಕಿರಿಯರು ಬಾಯಿ ಬಿಡುವುದಿಲ್ಲವೆಂದು ಅದರಲ್ಲಿತ್ತಂತೆ. ಫೋನಿನಲ್ಲಿ ಸಿಂಹಗಳು, ಎದುರಿಗೆ ಇಷ್ಟು ವಿನಯ, ಇದು ನಿಮ್ಮ ಸಂಸ್ಕೃತಿ ಎಂದು ಅವನ ಕಣ್ಣು ತುಂಬಿತು. ಇಡೀ ದಿನ ಅವನೊಡನೆ ಸರಾಗವಾಗಿ ಮಾತಾಡಿದವನು ಮನೀಶನೊಬ್ಬ, ಅದೂ ಡಲ್ ದನಿಯಲ್ಲಿ. ಸಂಬಂಧಿಕನೆಂಬ ಸಲಿಗೆ ಎಂದು ಯೋರ್ಗನ್ ಅದಕ್ಕೂ ಅರ್ಥ ಹಚ್ಚಿಕೊಂಡ.

ಇಂಗ್ಲಿಷಿನ ಇಬ್ಬರು ಅವನು ಬರುವ ಮೊದಲೇ ಐರೋಲಿಯ ದೊಡ್ಡ ಕಂಪನಿಗೆ ಹಾರಿದ್ದರು. ಉಳಿದದ್ದು ಬಾಯಿಲ್ಲದ ಮೂವರು, ಮೂವರಿಗೊಂದು ಬಾಯಿ, ಮತ್ತು ರಮಾಕಾಂತ.

ಆಮೇಲೆ ಲೋಕದಲ್ಲಿ ಬ್ಯಾಂಕುಗಳು ಮುಳುಗಿದವು. ಹಸುಗಳಿಗೆ ಸುದ್ದಿ ಮುಟ್ಟದೆ ಅವು ಹಾಲು ಕೊಡುತ್ತಲೇ ಇದ್ದವು, ಆದರೆ ಹೊಸ ಯಂತ್ರ ಕೊಳ್ಳುವ ರೈತನಿಗೆ ಸಾಲ ಕೊಡುವವರಿರಲಿಲ್ಲ. ೨೦೦೯ ಶುರುವಾದ ಸ್ವಲ್ಪ ದಿನಕ್ಕೆ, ಶುಕ್ರವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಇಳಿದಿದ್ದಾಗ ಯೋರ್ಗನ್ ಫೋನು ಮಾಡಿದ.

“ಒಬ್ಬರನ್ನು ಕೆಲಸದಿಂದ ಕಳಿಸಬೇಕು, ರಾಮಾ. ಕಳಿಸಿದರೆ ಆಫೀಸು ಉಳಿಯುತ್ತದೆ.”

ರಮಾಕಾಂತ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

“ನನಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಶಿವರಾಯನ ಸ್ಪಷ್ಟತೆ ನೋಡು. ವಿಶಾಲನ ಚುರುಕು. ಆ ಹುಡುಗಿಯ ಆತ್ಮವಿಶ್ವಾಸ. ನನ್ನ ಮಗಳಿಗೆ ಅವಳ ಉದಾಹರಣೆ ಕೊಡುತ್ತೇನೆ. ಮನೀಶ್ ಮಾತ್ರ ಮೊದಲ ದಿನದಿಂದ ಹಾಗೇ ಇದ್ದಾನೆ. ನೀನು ಸುಧಾರಿಸುತ್ತಾನೆ ಎಂದಿದ್ದೆ.”

“ಅವನು ಒಳ್ಳೆಯ ಹುಡುಗ.”

“ನಿನ್ನ ಅಕ್ಕನ ಮಗ. ಅದು ನಿನಗೆ ಕಷ್ಟ, ನನಗೆ ಗೊತ್ತು. ಆದ್ದರಿಂದಲೇ ಕೇಳುತ್ತೇನೆ, ಪ್ರಾಮಾಣಿಕವಾಗಿ ಹೇಳು. ಅವನು ಸಂಬಂಧಿ ಅಲ್ಲದಿದ್ದರೆ ಉಳಿಸಿಕೊಳ್ಳುತ್ತಿದ್ದೆಯಾ?”

ಹೇಳಬಹುದಾಗಿತ್ತು. ಆ ಸ್ಪಷ್ಟತೆ, ಚುರುಕು, ಆತ್ಮವಿಶ್ವಾಸ ಮೂರೂ ನೀನು ಓಡಿಸಬೇಕೆಂದಿರುವ ಒಬ್ಬನವೇ ಎಂಬ ಒಂದು ವಾಕ್ಯ. ಆ ವಾಕ್ಯದ ಮರುಗಳಿಗೆ ಆಫೀಸಿಗೆ ಬೀಗ; ಮೂವರು ಮತ್ತೆ ಎಂಟು ಗಂಟೆಯ ಲೋಕಲ್ಲಿಗೆ, ತಾನು ಕೋಪರಿಗೆ. ಇನ್ನೊಂದೂ ಹೇಳಬಹುದಾಗಿತ್ತು: ಅವನ ಬದಲು ನಾನು ಹೋಗುತ್ತೇನೆ. ಆ ಮಾತು ಗಂಟಲ ತನಕ ಬಂತು. ಬಂದಾಗ ಅದರ ಹಿಂದೆ ಗಲ್ಲೆಯ ಎತ್ತರದ ಕುರ್ಚಿ, ದೋಸೆಯ ಮುಂದೆ ಕೂತು ನಗುವ ಮುಖಗಳು ಕಂಡವು.

“ನೀವು ಹೇಳಿದಂತೆ,” ಎಂದ ರಮಾಕಾಂತ. ಅದು ಅವನದೇ ದನಿ. ಆ ಮಾತನ್ನು ಅವನಿಗಾಗಿ ಬೇರೆ ಯಾರೂ ಆಡಲಿಲ್ಲ.

ಅತ್ತ ಕಡೆ ಯೋರ್ಗನ್ ಉಸಿರು ಒಳಗೆಳೆದ. ಯಾ. ಇನ್ನೊಂದು ಸಿಹಿ ಸುದ್ದಿ ಎಂದ. ಶಿವರಾಯನನ್ನು ತಂಡದ ಮುಖ್ಯಸ್ಥ ಮಾಡಿದ್ದೇನೆ, ಇನ್ನು ಮುಂದೆ ಡೆನ್ಮಾರ್ಕಿನ ಗಿರಾಕಿಗಳ ಜೊತೆ ದಿನವೂ ಅವನೇ ಮಾತಾಡಲಿ.

ಭಾನುವಾರ ಅಕ್ಕ ಊಟಕ್ಕೆ ಕರೆದಿದ್ದಳು. ಸೌತೆಕಾಯಿ ಹುಳಿ, ಪತ್ರೊಡೆ, ಪಾಯಸ. ಪಾಯಸಕ್ಕೆ ಕಾರಣವಿತ್ತು.

“ಮಣಿಪಾಲದ ಕಡೆಯವರು ಜಾತಕ ಕಳಿಸಿದ್ದಾರೆ,” ಎಂದಳು ಪ್ರಭಾ. “ಹುಡುಗಿ ಲೆಕ್ಚರರ್. ಹುಡುಗ ಎಲ್ಲಿ ಕೆಲಸ ಅಂತ ಕೇಳಿದ್ರು. ಮಾವನ ಫಾರಿನ್ ಕಂಪನಿ, ಡೆನ್ಮಾರ್ಕ್ ಅಂದೆ. ಅವರು ಮತ್ತೆ ಬೇರೆ ಏನೂ ಕೇಳ್ಲಿಲ್ಲ. ಮುಂದಿನ ತಿಂಗಳು ಬರ್ತಾರೆ. ನೀನೇ ಎದುರು ಕೂತು ಮಾತಾಡ್ಬೇಕು, ಆಯ್ತಾ?”

“ಆಯ್ತು ಅಕ್ಕ.”

“ಎಂತ, ಪಾಯಸ ಬಿಟ್ಟದ್ದು? ಸಕ್ಕರೆ ಕಾಯಿಲೆ ಬಂತಾ?”

ಒಳಗೆ ಮನೀಶ ಮಣಿಪಾಲದ ಹುಡುಗಿಯ ಅಪ್ಪ ಫೋನಿನಲ್ಲಿ ಮಾತಾಡಿದ್ದನ್ನು ಭಾವನಿಗೆ ಮಾಡಿ ತೋರಿಸುತ್ತಿದ್ದ. ಭಾವ ಕೆಮ್ಮುವಷ್ಟು ನಗುತ್ತಿದ್ದ. ರಮಾಕಾಂತ ಕೈ ತೊಳೆದು, ಮನೀಶನನ್ನು ಹೊರಗೆ ಕರೆಯಬೇಕೆಂದು ಬಾಗಿಲ ತನಕ ಹೋದ. ಕರೆಯದೆ, ಚಪ್ಪಲಿ ಮೆಟ್ಟಿ ಸ್ಟೇಷನ್ನಿನ ಕಡೆ ನಡೆದ.

ಹಾಗಾಗಿ ಹೇಳಬೇಕಾದದ್ದನ್ನು ಹೇಳಿದ್ದು ಸೋಮವಾರ, ಡೆನ್ಮಾರ್ಕಿನ ಫೋನು ಬರುವ ಸ್ವಲ್ಪ ಮೊದಲು, ಎಲ್ಲರೂ ಸ್ಪೀಕರಿನ ಸುತ್ತ ಕೂತಿದ್ದಾಗ. ಒಬ್ಬನಿಗೇ ಹೇಳುವ ಧೈರ್ಯವಿಲ್ಲದವನು ಸಭೆಯಲ್ಲಿ ಹೇಳುತ್ತಾನೆ.

“ಒಬ್ಬರು ಹೋಗ್ಬೇಕಂತೆ,” ಎಂದ ರಮಾಕಾಂತ ಮೇಜಿಗೆ.

ವಿಶಾಲ್ ಮುಖ ಒರೆಸಿಕೊಂಡು, ಅದು ತಾನೇ ಎಂದು ಒಪ್ಪಿಕೊಂಡವನಂತೆ ಕೇಳಿದ. “ಮೈ ನಾ ಸರ್? ಬೋಲೋ, ಚಲೇಗಾ.”

“ನೀನಲ್ಲ.”

“ಹಂಗಾದ್ರ ನಾನಽ ಇರಬೇಕು,” ಎಂದ ಶಿವರಾಯ.

“ನೀನೂ ಅಲ್ಲ. ನಿನ್ನನ್ನು ಲೀಡ್ ಮಾಡಿದ್ದಾರೆ.”

ಲೋಲಾಕ್ಷಿಗೆ ಮೊದಲು ತಿಳಿಯಿತು. ಅವಳು ಮನೀಶನ ಕಡೆ ತಿರುಗಿದಳು. ಮನೀಶ ಮಾವನ ಕಡೆ ನೋಡಿದ, ಮಾವ ಮೇಜಿನ ಕಡೆಯೇ ನೋಡುತ್ತಿದ್ದ.

“ಅವ ಹೇಳಿದ್ದೆಂತ? ಅವ ಹೇಳಿದ ಹಾಗೇ ಹೇಳಿ ಮಾವ.”

ರಮಾಕಾಂತ ಹೇಳಿದ. ಸ್ಪಷ್ಟತೆ ಹೇಳಿದ, ಚುರುಕು ಹೇಳಿದ, ಆತ್ಮವಿಶ್ವಾಸ ಹೇಳಿದ. ಮೊದಲ ದಿನದಿಂದ ಹಾಗೇ ಇದ್ದಾನೆ ಎಂಬುದನ್ನೂ ಹೇಳಿದ. ತಾನು ಏನು ಉತ್ತರ ಕೊಟ್ಟೆ ಎಂಬುದನ್ನು ಬಿಟ್ಟ.

“ನೀವೆಂತ ಹೇಳಿದ್ರಿ?”

ಕೆಳಗೆ ಗಿರಣಿ ಶುರುವಾಯಿತು. ರಮಾಕಾಂತ ಅದು ನಿಲ್ಲಲಿ ಎಂಬಂತೆ ಕಾದ. ಅದು ನಿಲ್ಲಲಿಲ್ಲ. ಮತ್ತೆ, ಕಣ್ಣು ಎತ್ತದೆ, ಇನ್ನೊಂದು ಮಾತು ಹೇಳಿದ: “ಶಿವರಾಯ ಇನ್ನು ದಿನಾ ಗಿರಾಕಿಗಳ ಹತ್ರ ಮಾತಾಡ್ಬೇಕಂತೆ. ನೀನು ಮಧ್ಯಾಹ್ನ ಒಂದು ಗಳಿಗೆ ಬಂದು ಹೋಗ್ತೀಯಾ? ಮನೆಯಲ್ಲಿ ಗೊತ್ತಾಗುದು ಬೇಡ. ಆಫೀಸಿಗೆ ಹೋದ ಹಾಗೇ ಆಗ್ತದೆ. ಮಣಿಪಾಲದವರು ಬಂದು ಹೋಗುವ ತನಕ ಆದ್ರೂ.”

ಮನೀಶನ ತುಟಿಯ ಒಂದು ಮೂಲೆ ಅಲುಗಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಭ್ಯಾಸಬಲದಿಂದ ರಮಾಕಾಂತ ಸ್ಪೀಕರ್ ಒತ್ತಿದ.

“ಗುಡ್ ಮಾರ್ನಿಂಗ್, ಡೊಂಬಿವಲಿ,” ಎಂದ ಯೋರ್ಗನ್. “ಎಲ್ಲರೂ ಇದ್ದೀರಾ?”

ಯಾರೂ ಎಣಿಸದೇ ಇದ್ದದ್ದು ಆಗ ನಡೆಯಿತು. ಲೋಲಾಕ್ಷಿ ಎದ್ದು, ಮೇಜಿಗೆ ಎರಡೂ ಕೈ ಊರಿ, ಫೋನಿನ ಮೇಲೆ ಬಗ್ಗಿದಳು. “ಸ-ಸರ್,” ಎಂದಳು. ಕೊರಳ ನರ ಉಬ್ಬಿತು. “ಮ-ಮ-ಮನೀ...”

“ಯಾರಿದು? ಲೈನು ತುಂಡು ತುಂಡಾಗುತ್ತಿದೆ,” ಎಂದ ಯೋರ್ಗನ್. “ಹಲೋ? ಯಾರು ಮಾತಾಡುತ್ತಿದ್ದೀರಿ?”

ಅವಳು ಮತ್ತೆ ಬಾಯಿ ತೆರೆದಳು. ಕಣ್ಣಲ್ಲಿ ನೀರು ಬಂತೇ ಹೊರತು ಅಕ್ಷರ ಬರಲಿಲ್ಲ. ಮನೀಶ ಅವಳ ಭುಜ ಮುಟ್ಟಿ ಮೆಲ್ಲಗೆ ಕೂರಿಸಿದ.

“ನಾನು ಸರ್, ಲೋಲಾಕ್ಷಿ,” ಎಂದ, ಆ ತೆಳುವಾದ, ಅಂಜಿಕೆ ಇಲ್ಲದ ದನಿಯಲ್ಲಿ. “ಗುಡ್ ಮಾರ್ನಿಂಗ್ ಹೇಳುತ್ತಿದ್ದೆ. ಈಗ ಲೈನು ಸರಿಯಾಯಿತು.” ಕೊನೆಯಲ್ಲಿ ಆ ಸಣ್ಣ ನಗು.

ಅವನು ಯಾವತ್ತೂ ಅವಳಿಗಾಗಿ ನಗುವ ಆ ಸಣ್ಣ ನಗು ಈ ಸಲ ನಿಲ್ಲಲಿಲ್ಲ. ಅದು ದಪ್ಪವಾಯಿತು, ಹೆಣ್ಣುದನಿಯಿಂದ ಜಾರಿ ಮನೀಶನ ಸ್ವಂತ ಗಂಟಲಿಗೆ ಬಂತು. ಡಲ್ ಅಲ್ಲದ ಆ ದನಿಯನ್ನು ಡೆನ್ಮಾರ್ಕ್ ಅಂದು ಮೊದಲ ಸಲ ಕೇಳಿತು. ಅವನು ಕುರ್ಚಿಯ ಹಿಂಬದಿ ಹಿಡಿದು ಬಗ್ಗಿದ. ವಿಶಾಲನಿಗೆ ತಡೆಯಲಾಗಲಿಲ್ಲ; ಹೆದರಿದವರು ನಗುವಂತೆ ಅವನೂ ನಕ್ಕ. ಶಿವರಾಯ ಮುಖ ಮುಚ್ಚಿಕೊಂಡು ಮೈ ಕುಲುಕಿಸಿದ. ಅಳುವೋ ನಗುವೋ ತಿಳಿಯುವಂತಿರಲಿಲ್ಲ. ರಮಾಕಾಂತನ ಬಾಯಿಂದಲೂ ನಗುವಿನಂಥ ಸದ್ದೊಂದು ಹೊರಟಿತು.

“ಏನು ನಡೆಯುತ್ತಿದೆ?” ಎಂದ ಯೋರ್ಗನ್. “ಶಿವರಾಯ, ಯಾರದು ಆ ನಗು?”

ಮನೀಶ ಕಣ್ಣು ಒರೆಸಿ, ಉಸಿರು ಹಿಡಿದು, ಫೋನಿಗೆ ಬಗ್ಗಿದ. ಶಿವರಾಯನಿಗೆ ಕೊಟ್ಟ ಆ ಭಾರವಾದ ದನಿ ಬಂತು, ನಡುವೆ ಯೋಚಿಸುವವನಂತೆ ತಡೆದು.

“ಮನೀಶ್, ಸರ್. ಸುದ್ದಿ ಈಗಷ್ಟೇ ತಿಳಿಯಿತು.”

“ಓ. ಬೇಸರ ಮಾಡಿಕೊಂಡನೇ?”

“ಇಲ್ಲ ಸರ್. ತುಂಬ ಚೆನ್ನಾಗಿ ತೆಗೆದುಕೊಂಡಿದ್ದಾನೆ.”

ಅತ್ತ ಕಡೆ ಉಸಿರು ಒಳಗೆಳೆದ ಸದ್ದು. ಯಾ. ಒಳ್ಳೆಯ ಹುಡುಗ ಎಂದು ರಾಮಾ ಹೇಳಿದ್ದ, ಎಂದ ಯೋರ್ಗನ್.

ಮನೀಶ ಮಾವನ ಮುಖ ನೋಡಿದ. ಉಳಿದವರ ನಗು ಒಂದೊಂದಾಗಿ ಸತ್ತುಹೋಯಿತು. ಅವನು ತಲೆ ಹಿಂದೆ ಎಸೆದು, ಕೆಳಗಿನ ಗಿರಣಿಯೂ ಕೇಳದಂತೆ, ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಲೇ ಇದ್ದ.